ತೋಟದಲ್ಲಿ ಸಿಕ್ಕ ಕರಿಬಂಡೆ ಹುಟ್ಟಿದ್ದು ಹೇಗೆ? ಒಡೆಸುವ ಮೊದಲು ಕೇಳೋಣ ಅಂತ

ನಾಪೋಕ್ಲು_ತೋಟ
ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಕಳೆದ ವಾರ ನೀರಿನ ಹೊಂಡಕ್ಕೆ ಜೆಸಿಬಿಯಲ್ಲಿ ಮಣ್ಣು ತೆಗೆಸುತ್ತಿದ್ದೆ. ಹತ್ತು ಅಡಿ ಕೆಳಗೆ ದೊಡ್ಡ ಬಂಡೆ ಅಡ್ಡ ಬಂತು. ಐನ್‌ಮನೆಯ ಅಡುಗೆ ಕೋಣೆಯಷ್ಟಿದೆ. ಹೊರಗೆ ಕಂದು ಬಣ್ಣದ ಸಿಪ್ಪೆ, ಕೈಯಲ್ಲಿ ಉಜ್ಜಿದರೆ ಪುಡಿ ಉದುರುತ್ತದೆ. ಒಂದು ಮೂಲೆ ಒಡೆಸಿ ನೋಡಿದರೆ ಒಳಗೆ ಪೂರ್ತಿ ಬೇರೆ ಬಣ್ಣ. ಕಪ್ಪು ಹಸಿರು, ಎಣ್ಣೆ ಸವರಿದ ಹಾಗೆ ಮಿರುಗು. ಅಲ್ಲಲ್ಲಿ ನೀಲಿ ಛಾಯೆಯ ಗಾಜಿನಂಥ ಕಣ.

ಮೇಸ್ತ್ರಿ ‘ಕರಿಕಲ್ಲು ಸ್ವಾಮಿ, ತಡೆಗೋಡೆಗೆ ಬಹಳ ಒಳ್ಳೆಯದು’ ಅಂದರು. ಪಕ್ಕದ ತೋಟದವರು ‘ಇದು ಲಾವಾ ಕಲ್ಲು’ ಅಂದರು. ಅಕ್ಕನ ಮಗಳು ಬಿಎಸ್ಸಿ ಓದುತ್ತಿದ್ದಾಳೆ. ಅವಳು ಫೋಟೋ ನೋಡಿ ‘ಮಾವ, ಇದು ಚಾರ್ನೊಕೈಟ್. ಒಳಗಿನ ಖನಿಜಗಳ ಕೆಮಿಸ್ಟ್ರಿ ನೋಡಿದರೆ ಎಷ್ಟು ಆಳದಲ್ಲಿ, ಎಷ್ಟು ಬಿಸಿಯಲ್ಲಿ ಆಯ್ತು ಅಂತ ಹೇಳಬಹುದು’ ಅಂದಳು. ಮುಂದಿನ ಸೋಮವಾರ ಕಲ್ಲು ಒಡೆಯುವವರು ಬರುತ್ತಾರೆ. ಅದಕ್ಕೆ ಮೊದಲು ತಿಳಿದುಕೊಳ್ಳುವ ಆಸೆ. ಕರಗಿದ ರಸ ಗಟ್ಟಿಯಾಗಿ ಆದ ಕಲ್ಲಾ ಇದು? ಇಲ್ಲಾ ಬೇರೆ ಕಲ್ಲು ಬೆಂದು ಹೀಗಾಯಿತಾ? ಅದನ್ನು ಖನಿಜ ಹೇಗೆ ಹೇಳುತ್ತದೆ?

ಕುಶಾಲನಗರ_ಕಟ್ಟಡ
ಮೇಸ್ತ್ರಿ ಹೇಳಿದ್ದು ಸರಿ. ಇಂಥ ಕಲ್ಲು ಪಾಯಕ್ಕೆ ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡುವುದಿಲ್ಲ. ಆದರೆ ಆ ಕಂದು ಸಿಪ್ಪೆ ಪೂರ್ತಿ ಕೆತ್ತಿಸಿ ತೆಗೆಸಿ. ಅದನ್ನು ಬಿಟ್ಟರೆ ಗಾರೆ ಹಿಡಿಯುವುದಿಲ್ಲ.

ಕಲ್ಲು_ಮೇಷ್ಟ್ರು
ನಿಮ್ಮ ಅಕ್ಕನ ಮಗಳಿಗೆ ಶಾಭಾಷ್ ಹೇಳಿ. ಎಣ್ಣೆ ಮಿರುಗು, ನೀಲಿ ಛಾಯೆಯ ಬೆಣಚು, ಹೊರಗೆ ಕಂದು ಸಿಪ್ಪೆ. ಮೂರೂ ಸೇರಿದರೆ ಚಾರ್ನೊಕೈಟ್ ಅಂತ ಧೈರ್ಯವಾಗಿ ಹೇಳಬಹುದು. ಕೊಡಗಿನ ಬೆಟ್ಟಗಳಲ್ಲಿ ಇದು ಧಾರಾಳವಾಗಿದೆ.

ಹೆಸರಿಗೂ ಒಂದು ಕಥೆ ಇದೆ. ಜಾಬ್ ಚಾರ್ನಾಕ್ ಅಂತ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಒಬ್ಬರಿದ್ದರು. ಕೊಲ್ಕತ್ತಾದಲ್ಲಿ ಅವರ ಸಮಾಧಿಗೆ ಹಾಕಿದ ಕಲ್ಲು ಇದೇ ಜಾತಿಯದು. ಮದರಾಸಿನ ಪಲ್ಲಾವರಂ ಕಡೆಯ ಕಲ್ಲನ್ನು ಅಭ್ಯಾಸ ಮಾಡಿದ ಥಾಮಸ್ ಹಾಲೆಂಡ್ ಅವರು ಆ ಸಮಾಧಿಯ ನೆನಪಿಗೆ ಈ ಹೆಸರಿಟ್ಟರು. ಬೆಣಚು, ಫೆಲ್ಡ್‌ಸ್ಪಾರ್, ಜೊತೆಗೆ ಹೈಪರ್ಸ್ತೀನ್ ಎಂಬ ಪೈರಾಕ್ಸೀನ್ ಖನಿಜ. ಹೈಪರ್ಸ್ತೀನ್ ಇದ್ದರೇ ಚಾರ್ನೊಕೈಟ್. ಇಲ್ಲದಿದ್ದರೆ ಬರೀ ಗ್ರಾನೈಟ್ ಅಥವಾ ನೈಸ್ ಎಂಬ ಪಟ್ಟೆ ಪಟ್ಟೆಯ ಕಲ್ಲು.

ಇನ್ನು ನಿಮ್ಮ ಪ್ರಶ್ನೆ. ಇದು ಬೆಂದು ಬದಲಾದ ಕಲ್ಲು, ಅಂದರೆ ರೂಪಾಂತರ ಶಿಲೆ. ಕನಕಪುರದ ಕಡೆ ಕಬ್ಬಾಳದ ಕ್ವಾರಿಗೆ ಹೋದರೆ ಕಣ್ಣಾರೆ ನೋಡಬಹುದು. ಬೂದು ನೈಸ್ ಕಲ್ಲಿನ ನಡುವೆ ಬಿರುಕಿನ ಉದ್ದಕ್ಕೂ ಕಪ್ಪು ಹಸಿರು ಪಟ್ಟೆಗಳು. ಅಲ್ಲಿ ನೈಸ್ ಚಾರ್ನೊಕೈಟ್ ಆಗುತ್ತಾ ಅರ್ಧಕ್ಕೆ ನಿಂತಿದೆ. ಸಿ. ಎಸ್. ಪಿಚ್ಚಮುತ್ತು ಅವರು ಇದನ್ನು 1960ರಲ್ಲಿ ಇಡೀ ಜಗತ್ತಿಗೆ ತೋರಿಸಿದರು. ಬಿರುಕಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುವ ದ್ರವ ನುಗ್ಗಿ ಕಲ್ಲಿನ ನೀರನ್ನು ಹೊರಗೆ ತಳ್ಳಿತು. ನೀರು ಹಿಡಿದಿಟ್ಟಿದ್ದ ಖನಿಜಗಳಾದ ಬಯೊಟೈಟ್, ಹಾರ್ನ್‌ಬ್ಲೆಂಡ್ ಒಡೆದು ನೀರಿಲ್ಲದ ಹೈಪರ್ಸ್ತೀನ್ ಹುಟ್ಟಿತು. ನಾವು ಪಾಠ ಮಾಡಿದ್ದೂ ಹೀಗೆಯೇ.

ಪೊನ್ನಂಪೇಟೆ_ಎಂಎಸ್ಸಿ
ಮೇಷ್ಟ್ರೇ, ಕಬ್ಬಾಳದ ಬಗ್ಗೆ ನೀವು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಆದರೆ ಕಬ್ಬಾಳದ ಕಥೆಯನ್ನು ಕೊಡಗಿಗೆ ಹಾಗೇ ತರಬಾರದು ಅಂತ ನನ್ನ ವಾದ. ಕಬ್ಬಾಳದಲ್ಲಿ ಇರುವುದು ಪಟ್ಟೆ, ತೇಪೆ. ಇಲ್ಲಿ ಬೆಟ್ಟಕ್ಕೆ ಬೆಟ್ಟವೇ ಚಾರ್ನೊಕೈಟ್. ಅಲ್ಲಿನ ಬದಲಾವಣೆ ನಡೆದದ್ದು ಸುಮಾರು 250 ಕೋಟಿ ವರ್ಷದ ಹಿಂದೆ. ಕೊಡಗಿನ ಚಾರ್ನೊಕೈಟ್‌ಗಳ ಜಿರ್ಕಾನ್ ಎಂಬ ಗಟ್ಟಿ ಖನಿಜದ ಸಣ್ಣ ಹರಳುಗಳಿಗೆ 300 ಕೋಟಿ ವರ್ಷಕ್ಕೂ ಮೀರಿದ ವಯಸ್ಸು ಸಿಕ್ಕಿದೆ. ಆ 250 ಕೋಟಿಯ ಗುರುತು ಅವುಗಳಲ್ಲಿ ಎದ್ದು ಕಾಣುವುದೂ ಇಲ್ಲ. ಅದಕ್ಕೇ ಈಗ ಕೊಡಗನ್ನು ಬೇರೆಯೇ ಒಂದು ತುಂಡು ನೆಲ ಅಂತ ನೋಡುತ್ತಾರೆ. ಇದಕ್ಕೂ ಉತ್ತರದ ಧಾರವಾಡ ಶಿಲೆಗಳಿಗೂ ನಡುವೆ ಮಡಿಕೇರಿ ಪಟ್ಟಿ ಅಂತ ಹೊಸೆದು ಹಿಂಡಿದ ಕಲ್ಲುಗಳ ವಲಯ ಇದೆ.

ಆ ಜಿರ್ಕಾನ್‌ಗಳಲ್ಲಿ ಬಹಳಷ್ಟಕ್ಕೆ ಒಳಗೆ ಪದರ ಪದರ ಗೆರೆ ಇದೆ. ಕರಗಿದ ರಸದಲ್ಲಿ ನಿಧಾನಕ್ಕೆ ಬೆಳೆದ ಹರಳಿಗೆ ಅಂಥ ಗೆರೆ ಬರುತ್ತದೆ. ಹಾಗಾಗಿ ಮೂಲದಲ್ಲಿ ಇದು ಅಗ್ನಿಶಿಲೆ ಅಂತ ನಾನು ಹೇಳುತ್ತೇನೆ.

ಕಲ್ಲು_ಮೇಷ್ಟ್ರು
ತಾಯಿ, ಜಿರ್ಕಾನ್ ಹೇಳಿದ್ದು ಗ್ರಾನೈಟ್ ಯಾವಾಗ ಹುಟ್ಟಿತು ಅಂತ. ಹೈಪರ್ಸ್ತೀನ್ ಯಾವಾಗ ಬಂತು ಅಂತ ಅದು ಹೇಳುವುದಿಲ್ಲ. ಮೊದಲು ಸಾಮಾನ್ಯ ಗ್ರಾನೈಟ್ ಆಗಿ ಹುಟ್ಟಿ, ಆಮೇಲೆ ಬೆಂದು ಚಾರ್ನೊಕೈಟ್ ಆಗಿರಬಹುದಲ್ಲ? ಜಿರ್ಕಾನ್ ಗಟ್ಟಿ ಜೀವ. ಎರಡನೇ ಬೆಂಕಿಯನ್ನೂ ದಾಟಿ ಹಳೆಯ ಗೆರೆ ಉಳಿಸಿಕೊಂಡಿರುತ್ತದೆ.

ಪೊನ್ನಂಪೇಟೆ_ಎಂಎಸ್ಸಿ
ಈ ಮಾತು ಸರಿ. ಇದಕ್ಕೆ ಹೈಪರ್ಸ್ತೀನನ್ನೇ ಕೇಳಬೇಕು. ಸಂಜೆ ಕೂತು ಬರೆಯುತ್ತೇನೆ.

ಪಿಯು_ಕೆಮಿಸ್ಟ್ರಿ
ನಾನು ರಸಾಯನಶಾಸ್ತ್ರ ಹೇಳಿಕೊಡುವವನು, ಕಲ್ಲು ಗೊತ್ತಿಲ್ಲ. ಖನಿಜದ ಕೆಮಿಸ್ಟ್ರಿ ಅಂದರೆ ಏನು? ಖನಿಜಕ್ಕೆ ಒಂದು ಫಾರ್ಮುಲಾ ಇರುತ್ತದಲ್ಲ. ಬೆಣಚು ಅಂದರೆ ಸಿಲಿಕಾನ್ ಡೈಆಕ್ಸೈಡ್, ಮುಗಿಯಿತು. ಅದರಲ್ಲಿ ಕಥೆ ಎಲ್ಲಿಂದ ಬರುತ್ತದೆ?

ಕಲ್ಲು_ಮೇಷ್ಟ್ರು
ಒಳ್ಳೆಯ ಪ್ರಶ್ನೆ ಸರ್. ಬೆಣಚಿನಲ್ಲಿ ಕಥೆ ಕಡಿಮೆ. ಬೇರೆ ಖನಿಜಗಳಲ್ಲಿ ಒಂದೇ ಜಾಗಕ್ಕೆ ಇಬ್ಬರು ಮೂವರು ಹಕ್ಕುದಾರರು. ಪೈರಾಕ್ಸೀನ್, ಒಲಿವೀನ್‌ಗಳಲ್ಲಿ ಕಬ್ಬಿಣ ಕೂರುವ ಜಾಗದಲ್ಲಿ ಮೆಗ್ನೀಸಿಯಂ ಕೂರಬಹುದು. ಪ್ಲಾಜಿಯೊಕ್ಲೇಸ್ ಫೆಲ್ಡ್‌ಸ್ಪಾರ್‌ನಲ್ಲಿ ಕ್ಯಾಲ್ಸಿಯಂ ಬದಲು ಸೋಡಿಯಂ ಬರುತ್ತದೆ. ಯಾರು ಎಷ್ಟು ಕೂತರು ಅನ್ನುವುದನ್ನು ನಿರ್ಧರಿಸುವುದು ಬಿಸಿ, ಒತ್ತಡ, ಆಗ ಸುತ್ತ ಇದ್ದ ರಸ. ಬಿಸಿ ಜಾಸ್ತಿ ಇದ್ದಾಗ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲು ಹರಳಿಗೆ ಹೋಗುತ್ತವೆ. ತಣ್ಣಗಾದಂತೆ ಕಬ್ಬಿಣ, ಸೋಡಿಯಂ. ಈ ಕ್ರಮವನ್ನು ಪ್ರಯೋಗ ಮಾಡಿ ತೋರಿಸಿದವರು ನಾರ್ಮನ್ ಬೋವೆನ್. 1920ರ ದಶಕದ ಕೆಲಸ ಅದು.

ವಿರಾಜಪೇಟೆ_ಜೇನು
ಮೇಷ್ಟ್ರೇ, ಇದು ನಮ್ಮ ಜೇನುತುಪ್ಪದ ಹಾಗೇ ಅಲ್ವಾ? ಚಳಿಗಾಲದಲ್ಲಿ ಬಾಟಲಿಯ ತಳದಲ್ಲಿ ಸಕ್ಕರೆ ಹರಳುಗಟ್ಟುತ್ತದೆ. ಮೇಲೆ ಉಳಿಯುವುದು ತೆಳ್ಳಗಿನ ತುಪ್ಪ. ರುಚಿಯೂ ಬೇರೆ. ನಮ್ಮಲ್ಲಿ ಕೆಲವರು ಕಲಬೆರಕೆ ಅಂತ ಜಗಳಕ್ಕೆ ಬರುತ್ತಾರೆ. ಅದು ಕಲಬೆರಕೆ ಅಲ್ಲ, ಹರಳಾದದ್ದು ಕೆಳಗೆ ಹೋಯಿತು ಅಷ್ಟೇ.

ಪಿಯು_ಕೆಮಿಸ್ಟ್ರಿ
@ವಿರಾಜಪೇಟೆ_ಜೇನು ಅಕ್ಕಾ, ಇದಕ್ಕಿಂತ ಚೆನ್ನಾಗಿ ಹೇಳಲು ಆಗುವುದಿಲ್ಲ. ಗ್ಲೂಕೋಸ್ ಹರಳಾಗಿ ಇಳಿಯುತ್ತದೆ. ಮೇಲಿನ ದ್ರವದಲ್ಲಿ ಫ್ರಕ್ಟೋಸ್ ಮತ್ತು ನೀರಿನ ಪಾಲು ಹೆಚ್ಚುತ್ತದೆ. ಹಾಗಾದರೆ ಶಿಲಾಪಾಕದಲ್ಲೂ, ಅಂದರೆ ಕರಗಿದ ಕಲ್ಲಿನ ರಸದಲ್ಲೂ, ಹರಳು ಕೆಳಗಿಳಿದರೆ ಮೇಲಿನ ರಸವೇ ಬದಲಾಗುತ್ತದೆ. ಮುಂದಿನ ಹರಳು ಆ ಬದಲಾದ ರಸದಿಂದ ಹುಟ್ಟುತ್ತದೆ. ಈಗ ಅರ್ಥವಾಯಿತು.

ಪೊನ್ನಂಪೇಟೆ_ಎಂಎಸ್ಸಿ
ಹೌದು ಸರ್. ಇನ್ನೂ ಒಂದು ಇದೆ. ಹರಳನ್ನು ನೋಡಿ ಅದು ಹುಟ್ಟಿದಾಗ ರಸ ಹೇಗಿತ್ತು ಅಂತ ಹಿಂದಕ್ಕೆ ಲೆಕ್ಕ ಹಾಕಬಹುದು. ಒಲಿವೀನ್ ಮತ್ತು ರಸದ ನಡುವೆ ಕಬ್ಬಿಣ–ಮೆಗ್ನೀಸಿಯಂ ಹಂಚಿಕೆಗೆ ಹೆಚ್ಚುಕಡಿಮೆ ಸ್ಥಿರವಾದ ಸಂಖ್ಯೆ ಇದೆ. ಸುಮಾರು 0.3. ರೋಡರ್ ಮತ್ತು ಎಮ್ಸ್ಲಿ 1970ರಲ್ಲಿ ಅಳೆದದ್ದು. ಬಸಾಲ್ಟಿನಲ್ಲಿ, ಅಂದರೆ ಲಾವಾ ಆರಿ ಆದ ಕಪ್ಪು ಕಲ್ಲಿನಲ್ಲಿ, ರಸ ಪೂರ್ತಿ ಹೋಗಿ ಕಲ್ಲಾದರೂ, ಒಂದು ಒಲಿವೀನ್ ಹರಳು ಉಳಿದಿದ್ದರೆ ಸಾಕು.

ಪಿಯು_ಕೆಮಿಸ್ಟ್ರಿ
ಲೆಕ್ಕ ಮಾಡಿ ನೋಡಿದೆ. ಹರಳಿನಲ್ಲಿ ಮೆಗ್ನೀಸಿಯಂ 90, ಕಬ್ಬಿಣ 10 ಅಂದುಕೊಂಡೆ. ಕಬ್ಬಿಣವನ್ನು ಮೆಗ್ನೀಸಿಯಂನಿಂದ ಭಾಗಿಸಿದರೆ 0.111. ಅದನ್ನು 0.3ರಿಂದ ಭಾಗಿಸಿದರೆ 0.37. ಅಂದರೆ ರಸದಲ್ಲಿ ಮೆಗ್ನೀಸಿಯಂ 73, ಕಬ್ಬಿಣ 27. ಸರಿ ಇದೆಯಾ?

ಪೊನ್ನಂಪೇಟೆ_ಎಂಎಸ್ಸಿ
ಸರಿ ಇದೆ ಸರ್! ಭೂಮಿಯ ಹೊರಚಿಪ್ಪಿನ ಕೆಳಗಿನ ಪದರವಾದ ಮ್ಯಾಂಟಲ್‌ನಲ್ಲಿ ಇರುವ ಒಲಿವೀನ್‌ಗೂ ಹೆಚ್ಚುಕಡಿಮೆ ಇದೇ 90. ಹಾಗಾಗಿ 73ರ ಆಸುಪಾಸಿನ ರಸ ಅಂದರೆ ಮ್ಯಾಂಟಲ್‌ನಿಂದ ನೇರವಾಗಿ ಎದ್ದು ಬಂದದ್ದು, ದಾರಿಯಲ್ಲಿ ಜಾಸ್ತಿ ಹರಳು ಕಳೆದುಕೊಂಡಿಲ್ಲ ಅಂತ. ಹರಳಿನಲ್ಲಿ 70 ಬಂದರೆ ರಸ ದಾರಿಯಲ್ಲಿ ಎಲ್ಲೋ ತಂಗಿ, ಹರಳು ಬಿಟ್ಟು ಬಂದಿದೆ.

ಸೋಮವಾರಪೇಟೆ_ಬೋರ್‌ವೆಲ್
ನಾನು 18 ವರ್ಷದಿಂದ ಬೋರ್ ಕೊರೆಸುವ ಕೆಲಸದಲ್ಲಿದ್ದೇನೆ. ನಮ್ಮ ಅನುಭವ ಹೇಳುತ್ತೇನೆ. ಮೇಲೆ ಕೆಂಪು ಮಣ್ಣು, ಆಮೇಲೆ ಬಿಳಿ ಜೇಡಿ, ಆಮೇಲೆ ಮೆತ್ತನೆ ಕಲ್ಲು, ಆಮೇಲೆ ಕಪ್ಪು ಪುಡಿ. ಕಪ್ಪು ಹಸಿರು ಪುಡಿ ಒಂದೇ ಸಮನೆ ಬರುತ್ತಿದ್ದರೆ ಮುಂದೆ ನೀರು ಕಡಿಮೆ. ಬಿಟ್ ಬೇಗ ಸವೆಯುತ್ತದೆ. ನಡುವೆ ಬಿಳಿ ಬೆಣಚಿನ ಗೆರೆ ಬಂದರೆ ಆಸೆ ಹುಟ್ಟುತ್ತದೆ. ಅಲ್ಲಿ ಬಿರುಕು ಇರುತ್ತದೆ.

ಪ್ರಶ್ನೆ ಒಂದಿದೆ. ಕೆಲವು ತೋಟಗಳಲ್ಲಿ ಶುದ್ಧ ಕಪ್ಪು, ಸಣ್ಣ ಕಣದ ಕಲ್ಲು ನೇರ ಗೆರೆಯಾಗಿ ಹೋಗಿರುತ್ತದೆ. ಎರಡೂ ಕಡೆ ಬೇರೆ ಕಲ್ಲು. ಅದೂ ಇದೇ ಜಾತಿಯಾ?

ಕಲ್ಲು_ಮೇಷ್ಟ್ರು
ಅಲ್ಲ. ಅದು ಡೈಕ್. ಡಾಲರೈಟ್ ಅಂತಾರೆ. ಹಳೆಯ ಕಲ್ಲು ಬಿರುಕು ಬಿಟ್ಟಾಗ ಕೆಳಗಿನಿಂದ ಬಸಾಲ್ಟ್ ಜಾತಿಯ ರಸ ನುಗ್ಗಿ ಅಲ್ಲೇ ಗಟ್ಟಿಯಾದದ್ದು. ಅದರ ಬಗ್ಗೆ ಯಾರಿಗೂ ಜಗಳ ಇಲ್ಲ, ಅಪ್ಪಟ ಅಗ್ನಿಶಿಲೆ. ಅಂಚಿನಲ್ಲಿ ಕಣ ಬಹಳ ಸಣ್ಣ, ನಡುವೆ ದಪ್ಪ. ಅಂಚು ತಣ್ಣನೆ ಕಲ್ಲಿಗೆ ತಾಗಿ ಬೇಗ ಆರಿತು, ಅದಕ್ಕೆ. ಮುಂದಿನ ಸಲ ಡೈಕ್ ಸಿಕ್ಕಿದರೆ ಅಂಚಿನಿಂದ ನಡುವಿಗೆ ಲೆನ್ಸ್ ಹಿಡಿದು ನೋಡಿ.

ಕುಶಾಲನಗರ_ಕಟ್ಟಡ
ಅಂಗಡಿಯಲ್ಲಿ ಬ್ಲಾಕ್ ಗ್ರಾನೈಟ್ ಅಂತ ಅಡುಗೆ ಕಟ್ಟೆಗೆ ಮಾರುವುದು?

ಕಲ್ಲು_ಮೇಷ್ಟ್ರು
ಬಹುಪಾಲು ಡಾಲರೈಟೇ. ಚಾಮರಾಜನಗರದ ಕಡೆಯ ಪ್ರಸಿದ್ಧ ಕಪ್ಪು ಕಲ್ಲೂ ಅದೇ. ವ್ಯಾಪಾರದಲ್ಲಿ ಗ್ರಾನೈಟ್ ಅಂತ ಹೆಸರು, ಒಳಗೆ ಬೆಣಚು ಇಲ್ಲವೆನ್ನುವಷ್ಟು ಕಡಿಮೆ.

ಸುಳ್ಯ_ಗಡಿ
ಸಂಪಾಜೆ, ಸುಬ್ರಹ್ಮಣ್ಯದ ಕಾಡಿನಲ್ಲಿ ಸಿಗುವ ಕೆಂಪು ಹರಳುಕಲ್ಲಿನ ಬಗ್ಗೆಯೂ ಯಾರಾದರೂ ಹೇಳಿ. ಅದಕ್ಕಾಗಿ ಎಷ್ಟೋ ಜನ ಕಾಡು ಅಗೆದು ಕೇಸು ಹಾಕಿಸಿಕೊಂಡಿದ್ದಾರೆ. ಅದು ಶಿಲಾಪಾಕದಿಂದ ಬಂದದ್ದಾ?

ಪೊನ್ನಂಪೇಟೆ_ಎಂಎಸ್ಸಿ
ಅಣ್ಣ, ದಯವಿಟ್ಟು ಕಾಡು ಅಗೆಯುವುದಕ್ಕೆ ಯಾರೂ ಹೋಗಬೇಡಿ. ಅದು ಅಪರಾಧ, ಬೆಟ್ಟಕ್ಕೂ ಕೇಡು. ನಮ್ಮ ಕಡೆಯ ಗಾರ್ನೆಟ್, ಅಂದರೆ ಆ ಕೆಂಪು ಹರಳು, ಹೆಚ್ಚಾಗಿ ಬೆಂದು ಬದಲಾದ ಕಲ್ಲಿನದು. ಅದರ ಬೆಲೆ ನಮಗೆ ಬೇರೆ ಕಾರಣಕ್ಕೆ. ಗಾರ್ನೆಟ್‌ನ ನಡುಭಾಗಕ್ಕೂ ಅಂಚಿಗೂ ಕೆಮಿಸ್ಟ್ರಿ ಬೇರೆ ಇದ್ದರೆ ಕಲ್ಲು ಕೆಳಗೆ ಹೋಗಿ ಮೇಲೆ ಬಂದ ದಾರಿ ತಿಳಿಯುತ್ತದೆ. ಅದಕ್ಕೆ ಸಾಸಿವೆ ಕಾಳಿನಷ್ಟು ಹರಳು ಸಾಕು.

ನಾಪೋಕ್ಲು_ತೋಟ
ಎಲ್ಲ ಓದುತ್ತಿದ್ದೇನೆ. ಬಹಳ ಖುಷಿ ಆಗುತ್ತಿದೆ. ಆದರೆ ನನ್ನ ಬಂಡೆ ಎಲ್ಲಿಗೆ ಬಂತು? ಮೇಷ್ಟ್ರು ಬೆಂದದ್ದು ಅಂತಾರೆ, ಮೇಡಂ ರಸದಿಂದ ಬಂದದ್ದು ಅಂತಾರೆ.

ಪೊನ್ನಂಪೇಟೆ_ಎಂಎಸ್ಸಿ
ಬಂದೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಕಲ್ಲನ್ನು ತೆಳುವಾಗಿ ಸೀಳಿ ಗಾಜಿನ ಮೇಲೆ ಅಂಟಿಸಿ 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜುತ್ತೇವೆ. ಆಗ ಬೆಳಕು ಹಾಯುತ್ತದೆ. ಮೈಕ್ರೋಸ್ಕೋಪ್‌ನಲ್ಲಿ ಹೈಪರ್ಸ್ತೀನ್ ಬಹಳ ಚೆಂದ. ತಿರುಗಿಸಿದರೆ ಗುಲಾಬಿ, ಮತ್ತೆ ತಿರುಗಿಸಿದರೆ ತಿಳಿ ಹಸಿರು. ಆಮೇಲೆ ಅದೇ ತುಂಡನ್ನು ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಎಂಬ ಯಂತ್ರಕ್ಕೆ ಇಡುತ್ತೇವೆ. ಫ್ರಾನ್ಸಿನ ಕಾಸ್ತೇನ್ ಎಂಬುವರು 1951ರಲ್ಲಿ ತಮ್ಮ ಸಂಶೋಧನೆಗೆ ಇದನ್ನು ಕಟ್ಟಿದರು. ಎಲೆಕ್ಟ್ರಾನ್ ಕಿರಣ ಸುಮಾರು ಒಂದು ಮೈಕ್ರಾನ್ ಜಾಗಕ್ಕೆ ತಾಗುತ್ತದೆ. ಅಲ್ಲಿಂದ ಏಳುವ ಎಕ್ಸ್-ರೇ ನೋಡಿ ಯಾವ ಧಾತು ಎಷ್ಟಿದೆ ಅಂತ ಅಳೆಯುತ್ತೇವೆ. ಒಂದೇ ಹರಳಿನ ನಡುವೆ ಹತ್ತು ಕಡೆ, ಅಂಚಿನಲ್ಲಿ ಹತ್ತು ಕಡೆ.

ಈಗ ಮುಖ್ಯ ವಿಷಯ. ಹೈಪರ್ಸ್ತೀನ್ ಪಕ್ಕದಲ್ಲಿ ಇನ್ನೊಂದು ಪೈರಾಕ್ಸೀನ್, ಕ್ಯಾಲ್ಸಿಯಂ ಇರುವುದು, ಇದ್ದರೆ ಎರಡರ ನಡುವಿನ ಹಂಚಿಕೆಯಿಂದ ಬಿಸಿ ಎಷ್ಟಿತ್ತು ಅಂತ ತಿಳಿಯಬಹುದು. ಬಹಳ ಬಿಸಿಯಲ್ಲಿ ಎರಡೂ ಒಂದರಲ್ಲೊಂದು ಹೆಚ್ಚು ಕರಗುತ್ತವೆ. ತಣ್ಣಗಾದಾಗ ಒಂದನ್ನೊಂದು ಹೊರಹಾಕುತ್ತವೆ. ಹಾಗೆ ಹೊರಹಾಕಿದ್ದು ಹರಳಿನ ಒಳಗೆ ತೆಳು ಪಟ್ಟಿಗಳಾಗಿ ಕೂರುತ್ತದೆ. ದಪ್ಪ ಪಟ್ಟಿ ಇದ್ದು, ಅವು ಪಿಜಿಯೊನೈಟ್ ಎಂಬ ಬಹಳ ಬಿಸಿಯ ಪೈರಾಕ್ಸೀನ್ ಒಡೆದು ಆದ ಮಾದರಿಯಲ್ಲಿದ್ದರೆ, ಆ ಹರಳು ಶಿಲಾಪಾಕದಿಂದ ಬಂದದ್ದು ಅಂತ ಹೇಳಲು ಬಲವಾದ ಸಾಕ್ಷಿ. ಮೇಷ್ಟ್ರ ಪ್ರಶ್ನೆಗೆ ನನ್ನ ಉತ್ತರ ಇದು. ಜಿರ್ಕಾನ್ ಮಾತ್ರ ಅಲ್ಲ, ಹೈಪರ್ಸ್ತೀನಿನ ಹೊಟ್ಟೆಯನ್ನೂ ನೋಡೋಣ.

ಪಿಯು_ಕೆಮಿಸ್ಟ್ರಿ
ಇಲ್ಲಿ ನನಗೆ ದೊಡ್ಡ ಅನುಮಾನ. ಕಲ್ಲು 300 ಕೋಟಿ ವರ್ಷ ಹಳೆಯದು. ಗಟ್ಟಿಯಾದ ಮೇಲೂ ಎಷ್ಟೋ ಕಾಲ ಬಿಸಿಯಾಗೇ ಇತ್ತು. ಘನದಲ್ಲೂ ಅಯಾನುಗಳು ಓಡಾಡುತ್ತವೆ. ಹಳೆಯ ಗುರುತು ಎಲ್ಲ ಅಳಿಸಿ ಹೋಗಿರುವುದಿಲ್ಲವೇ? ನೀವು ಅಳೆಯುವ ಬಿಸಿ ಹುಟ್ಟಿದಾಗಿನದ್ದಾ, ಓಡಾಟ ನಿಂತಾಗಿನದ್ದಾ?

ಕಲ್ಲು_ಮೇಷ್ಟ್ರು
ಸರ್, ನೀವು ಕಲ್ಲು ಗೊತ್ತಿಲ್ಲ ಅಂದಿರಿ. ಈ ಒಂದು ಪ್ರಶ್ನೆ ಕೇಳದೆ ಎಷ್ಟೋ ಪ್ರಬಂಧಗಳು ತಪ್ಪು ದಾರಿ ಹಿಡಿದಿವೆ.

ಪೊನ್ನಂಪೇಟೆ_ಎಂಎಸ್ಸಿ
ಅಳಿಸುತ್ತದೆ ಸರ್. ಆದರೆ ಎಲ್ಲವೂ ಒಂದೇ ವೇಗದಲ್ಲಿ ಅಳಿಸುವುದಿಲ್ಲ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದದ್ದೇ ಇದು.

ಕಬ್ಬಿಣ–ಮೆಗ್ನೀಸಿಯಂ ಬೇಗ ಜಾಗ ಬದಲಿಸುತ್ತವೆ. ಎರಡಕ್ಕೂ ಒಂದೇ ಚಾರ್ಜ್, ಗಾತ್ರವೂ ಹತ್ತಿರ. ಒಲಿವೀನ್‌ನಲ್ಲಂತೂ ಬಹಳ ಬೇಗ. ಜ್ವಾಲಾಮುಖಿಯ ಒಲಿವೀನ್‌ನಲ್ಲಿ ಅಂಚಿನ ಬದಲಾವಣೆ ಎಷ್ಟು ಒಳಗೆ ಹೋಗಿದೆ ಅಂತ ನೋಡಿ, ಹೊಸ ರಸ ಬಂದು ಸೇರಿದ ಎಷ್ಟು ದಿನ ಅಥವಾ ವರ್ಷಕ್ಕೆ ಸ್ಫೋಟ ಆಯಿತು ಅಂತ ಲೆಕ್ಕ ಹಾಕುತ್ತಾರೆ. ಪ್ಲಾಜಿಯೊಕ್ಲೇಸ್‌ನಲ್ಲಿ ಹಾಗಲ್ಲ. ಕ್ಯಾಲ್ಸಿಯಂ ಹೋಗಿ ಸೋಡಿಯಂ ಬರಬೇಕಾದರೆ ಅಲ್ಯೂಮಿನಿಯಂ ಜಾಗಕ್ಕೆ ಸಿಲಿಕಾನ್ ಬರಬೇಕು, ಇಲ್ಲದಿದ್ದರೆ ಚಾರ್ಜ್ ಸರಿಹೋಗುವುದಿಲ್ಲ. ಆ ಗಟ್ಟಿ ಚೌಕಟ್ಟು ಬಿಚ್ಚುವುದು ಬಹಳ ನಿಧಾನ. ಹಾಗಾಗಿ ಪ್ಲಾಜಿಯೊಕ್ಲೇಸ್ ಹಳೆಯ ಪದರಗಳನ್ನು ಬಿಟ್ಟುಕೊಡುವುದಿಲ್ಲ. ಪೈರಾಕ್ಸೀನ್‌ನಲ್ಲೂ ಅಲ್ಯೂಮಿನಿಯಂ ನಿಧಾನಿ. ಒಂದೇ ಹೈಪರ್ಸ್ತೀನಿನಲ್ಲಿ ಕಬ್ಬಿಣ ಒಂದು ಬಿಸಿ ಹೇಳಬಹುದು, ಅಲ್ಯೂಮಿನಿಯಂ ಅದಕ್ಕಿಂತ ಜಾಸ್ತಿ ಬಿಸಿ ಹೇಳಬಹುದು. ಎರಡೂ ಸುಳ್ಳಲ್ಲ. ಬೇರೆ ಬೇರೆ ಹೊತ್ತಿನವು.

ಜಿರ್ಕಾನ್ ಇನ್ನೂ ಗಟ್ಟಿ. ಬೆಳೆಯುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಸೇರಿಸುವುದಿಲ್ಲ. ಆಮೇಲೆ ಒಳಗೆ ಸಿಗುವ ಸೀಸ ಯುರೇನಿಯಂ ಕೊಳೆತು ಆದದ್ದು. ಯುರೇನಿಯಂ 238 ಅರ್ಧ ಆಗಲು 447 ಕೋಟಿ ವರ್ಷ. ವಯಸ್ಸು ಅದರಿಂದ. ಅದರಲ್ಲಿರುವ ಟೈಟಾನಿಯಂ ನೋಡಿ ಹುಟ್ಟಿದ ಬಿಸಿಯನ್ನೂ ಹೇಳುತ್ತಾರೆ.

ವಿರಾಜಪೇಟೆ_ಜೇನು
ಅಂದರೆ ಪ್ಲಾಜಿಯೊಕ್ಲೇಸ್‌ನ ಪದರ ಮರದ ಉಂಗುರದ ಹಾಗೆ. ವರ್ಷಕ್ಕೊಂದು.

ಕಲ್ಲು_ಮೇಷ್ಟ್ರು
ಪದರ ಹೌದು, ವರ್ಷಕ್ಕೊಂದು ಅಲ್ಲ ಅಮ್ಮ. ರಸದಲ್ಲಿ ಏನಾದರೂ ಬದಲಾದಾಗ ಒಂದು ಪದರ. ಹೊಸ ಬಿಸಿ ರಸ ಬಂದು ಸೇರಿದರೆ, ಒತ್ತಡ ಇಳಿದರೆ, ಆವಿ ಹೊರಗೆ ಹೋದರೆ. ನಡುವೆ ಸೋಡಿಯಂ ಜಾಸ್ತಿ ಇದ್ದು ಇದ್ದಕ್ಕಿದ್ದಂತೆ ಹೊರಗೆ ಕ್ಯಾಲ್ಸಿಯಂ ಜಾಸ್ತಿ ಆದರೆ, ತಣ್ಣಗಾಗುತ್ತಿದ್ದ ಪಾಕಕ್ಕೆ ಯಾರೋ ಬಿಸಿ ಪಾಕ ಸುರಿದ ಹಾಗೆ.

ಸೋಮವಾರಪೇಟೆ_ಬೋರ್‌ವೆಲ್
ಆಳ ಹೇಗೆ ಹೇಳುತ್ತೀರಿ? ನಾವು ಪೈಪ್ ಎಣಿಸಿ ಹೇಳುತ್ತೇವೆ.

ಪೊನ್ನಂಪೇಟೆ_ಎಂಎಸ್ಸಿ
ನಿಮ್ಮ ಪೈಪಿನ ಜಾಗದಲ್ಲಿ ನಮಗೆ ಅಲ್ಯೂಮಿನಿಯಂ ಅಣ್ಣ. ಗ್ರಾನೈಟಿನ ಹಾರ್ನ್‌ಬ್ಲೆಂಡ್‌ನಲ್ಲಿ ಒತ್ತಡ ಹೆಚ್ಚಿದಂತೆ ಅಲ್ಯೂಮಿನಿಯಂ ಹೆಚ್ಚುತ್ತದೆ. 1986ರಲ್ಲಿ ಹ್ಯಾಮರ್‌ಸ್ಟ್ರಾಮ್ ಮತ್ತು ಜೆನ್ ಇದಕ್ಕೆ ಮೊದಲ ಸೂತ್ರ ಕೊಟ್ಟರು. ಒಂದು ಕಿಲೋಬಾರ್ ಒತ್ತಡ ಅಂದರೆ ಸುಮಾರು ಮೂರೂವರೆ ಕಿಲೋಮೀಟರ್ ಆಳ. ಆದರೆ ಷರತ್ತು ಇದೆ. ಬೆಣಚು, ಎರಡೂ ಫೆಲ್ಡ್‌ಸ್ಪಾರ್, ಬಯೊಟೈಟ್ ಎಲ್ಲ ಒಟ್ಟಿಗೆ ಇರಬೇಕು. ಅಂಚಿನ ಅಳತೆಯೇ ಬೇಕು. ಎಲ್ಲ ಕಲ್ಲಿಗೂ ಸೂತ್ರ ಹಾಕಿದರೆ ಸಂಖ್ಯೆ ಬರುತ್ತದೆ, ಅರ್ಥ ಬರುವುದಿಲ್ಲ.

ಮಡಿಕೇರಿ_ಮಳೆ
ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು. 2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಹಿಂದಿನ ಬರೆ, ಅಂದರೆ ಮಣ್ಣಿನ ದಿಬ್ಬ, ಜರಿದು ಕೊಟ್ಟಿಗೆ, ಅರ್ಧ ತೋಟ ಹೋಯಿತು. ಅಂದಿನಿಂದ ಜೋರು ಮಳೆ ಬಂದರೆ ಮನೆಯಲ್ಲಿ ಯಾರೂ ಮಲಗುವುದಿಲ್ಲ. 300 ಕೋಟಿ ವರ್ಷದ ಹಿಂದಿನ ಬಿಸಿ ತಿಳಿದು ನಮಗೇನು? ಈ ಬೆಟ್ಟ ಯಾಕೆ ಜರಿಯುತ್ತದೆ ಅಂತ ಈ ಕೆಮಿಸ್ಟ್ರಿ ಹೇಳುತ್ತದೆಯೇ?

ಕಲ್ಲು_ಮೇಷ್ಟ್ರು
ನಿಮ್ಮ ನೋವು ಅರ್ಥವಾಗುತ್ತದೆ. ಪೂರ್ತಿ ಉತ್ತರ ಇದರಲ್ಲಿಲ್ಲ. ಮಳೆ ಎಷ್ಟು ಬಿತ್ತು, ಇಳಿಜಾರನ್ನು ಎಲ್ಲಿ ಕಡಿದರು, ನೀರು ಹೋಗುವ ದಾರಿ ಮುಚ್ಚಿದರಾ, ಇವೇ ದೊಡ್ಡವು. ಆದರೆ ಒಂದು ಪಾಲು ಖನಿಜದಲ್ಲೂ ಇದೆ.

ಬಹಳ ಬಿಸಿಯಲ್ಲಿ ಮೊದಲು ಹುಟ್ಟಿದ ಖನಿಜಗಳು ಮಳೆ ಗಾಳಿಗೆ ಮೊದಲು ಕೊಳೆಯುತ್ತವೆ. ಒಲಿವೀನ್, ಪೈರಾಕ್ಸೀನ್, ಕ್ಯಾಲ್ಸಿಯಂ ಫೆಲ್ಡ್‌ಸ್ಪಾರ್ ಬೇಗ ಹೋಗುತ್ತವೆ. ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ನಿಧಾನ. ಬೆಣಚು ಉಳಿಯುತ್ತದೆ. ಗೋಲ್ಡಿಚ್ ಎಂಬುವರು 1938ರಲ್ಲಿ ಇದನ್ನು ಕ್ರಮವಾಗಿ ಹೇಳಿದರು. ಬೋವೆನ್ ಹೇಳಿದ ಸಾಲು, ಅದೇ ಕ್ರಮದಲ್ಲಿ ನಾಶ. ಫೆಲ್ಡ್‌ಸ್ಪಾರ್ ಕೊಳೆತರೆ ಕೇಯೊಲಿನ್ ಜೇಡಿ. ಬೋರ್‌ವೆಲ್ ಅಣ್ಣ ಹೇಳಿದ ‘ಬಿಳಿ ಜೇಡಿ’ ಅದೇ. ಪೈರಾಕ್ಸೀನಿನ ಕಬ್ಬಿಣ ತುಕ್ಕು ಹಿಡಿದು ನಮ್ಮ ಮಣ್ಣು ಕೆಂಪಾಯಿತು. ನಾಪೋಕ್ಲು ಬಂಡೆಯ ಕಂದು ಸಿಪ್ಪೆಯೂ ಅದರ ಆರಂಭ. ಮೇಲೆ ದಪ್ಪ ಕೊಳೆತ ಮಣ್ಣು, ಕೆಳಗೆ ನೀರು ಇಳಿಯದ ಗಟ್ಟಿ ಬಂಡೆ. ನೀರು ಎರಡರ ನಡುವೆ ನಿಂತರೆ ಮೇಲಿನದ್ದು ಜಾರುತ್ತದೆ. ಬರೆಯನ್ನು ನೆಟ್ಟಗೆ ಕಡಿದಿದ್ದರೆ ಇನ್ನೂ ಬೇಗ.

ಮಡಿಕೇರಿ_ಮಳೆ
ನಮ್ಮ ಹಿಂದಿನ ಬರೆಯಲ್ಲಿ ಜರಿದ ಜಾಗದಲ್ಲಿ ಬಿಳಿ ಜೇಡಿಯೇ ಇತ್ತು. ಒದ್ದೆಯಾದಾಗ ಸೋಪಿನ ಹಾಗೆ. ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಧನ್ಯವಾದ ಮೇಷ್ಟ್ರೇ.

ನಾಪೋಕ್ಲು_ತೋಟ
@ಮಡಿಕೇರಿ_ಮಳೆ ನಮ್ಮ ಹೊಂಡದ ಬದಿಯೂ ಈಗ ನೆಟ್ಟಗಿದೆ. ಮಳೆಗೆ ಮೊದಲು ಇಳಿಜಾರು ಮಾಡಿಸುತ್ತೇನೆ, ನೀರಿಗೆ ಕಾಲುವೆಯನ್ನೂ ತೆಗೆಸುತ್ತೇನೆ.

@ಪೊನ್ನಂಪೇಟೆ_ಎಂಎಸ್ಸಿ ಮೇಡಂ, ನಾನು ತುಂಡು ಕೊಟ್ಟರೆ ನೋಡುತ್ತೀರಾ?

ಪೊನ್ನಂಪೇಟೆ_ಎಂಎಸ್ಸಿ
ಖಂಡಿತ. ಮುಷ್ಟಿಯಷ್ಟು ಸಾಕು. ಸಿಪ್ಪೆಯಿಂದ ದೂರ, ಒಳಗಿನ ತಾಜಾ ಭಾಗ. ಯಾವ ದಿಕ್ಕಿನಲ್ಲಿ ಇತ್ತು ಅಂತ ಮಾರ್ಕರ್‌ನಲ್ಲಿ ಬಾಣ ಹಾಕಿ. ಬಂಡೆಯಲ್ಲಿ ಬೇರೆ ಬಣ್ಣದ ಉಂಡೆ, ಪಟ್ಟೆ ಏನಾದರೂ ಕಂಡರೆ ಅದರದ್ದೂ ಫೋಟೋ ಬೇಕು.

ನಾಪೋಕ್ಲು_ತೋಟ
ಕೊಟ್ಟು ಕಳಿಸಿದೆ. ಸೋಮವಾರದ ಕೆಲಸದವರಿಗೆ ಬೇಡ ಅಂದೆ. ತಡೆಗೋಡೆಗೆ ಬೇರೆ ಕಲ್ಲು ತರಿಸುತ್ತೇನೆ.

ಕುಶಾಲನಗರ_ಕಟ್ಟಡ
ಒಳ್ಳೆಯ ಕಲ್ಲು ಹೊಂಡದಲ್ಲೇ ಇದೆ, ಹೊರಗಿನಿಂದ ದುಡ್ಡು ಕೊಟ್ಟು ತರಿಸುತ್ತೀರಿ. ನನಗೆ ಸರಿ ಕಾಣಲಿಲ್ಲ. ಆದರೆ ನಿಮ್ಮ ಕಲ್ಲು, ನಿಮ್ಮ ಇಷ್ಟ.

ಪೊನ್ನಂಪೇಟೆ_ಎಂಎಸ್ಸಿ
ಮೂರು ವಾರ ಆಯಿತು, ಕ್ಷಮಿಸಿ. ತೆಳು ತುಂಡು ತಯಾರಾಗಿದೆ. ನಿನ್ನೆ ರಾತ್ರಿ ನೋಡಿದೆ.

ಹೈಪರ್ಸ್ತೀನ್ ಇದೆ, ಗುಲಾಬಿ–ಹಸಿರು ಚೆನ್ನಾಗಿ ಕಾಣುತ್ತದೆ. ಅದರ ಸುತ್ತ ತೆಳ್ಳಗೆ ಕಂದು ಬಯೊಟೈಟ್ ಕಟ್ಟಿದೆ. ಅಂದರೆ ಹೈಪರ್ಸ್ತೀನ್ ಆದ ಮೇಲೆ ಯಾವಾಗಲೋ ಕಲ್ಲಿಗೆ ಮತ್ತೆ ನೀರು ಸೇರಿದೆ. ಫೆಲ್ಡ್‌ಸ್ಪಾರ್, ಬೆಣಚು ಕಣಗಳು ಬಹಳ ಕಡೆ ಜೇನುಗೂಡಿನ ಹಾಗೆ ಮೂರು ಮೂರು ಸೇರಿ 120 ಡಿಗ್ರಿ ಮೂಲೆ ಮಾಡಿವೆ.

ಕಲ್ಲು_ಮೇಷ್ಟ್ರು
120 ಡಿಗ್ರಿ ಅಂದರೆ ಬೆಂದು ಮತ್ತೆ ಹೊಂದಿಕೊಂಡ ಕಣಗಳು. ನಾನು ಹೇಳಿದ್ದೇ ಆಯಿತಲ್ಲ.

ಪೊನ್ನಂಪೇಟೆ_ಎಂಎಸ್ಸಿ
ಆಮೇಲೆ ಬೆಂದದ್ದು ಸರಿ ಮೇಷ್ಟ್ರೇ, ಒಪ್ಪಿದೆ. ಹುಟ್ಟಿದ್ದು ಹೇಗೆ ಅಂತ ಆ ಮೂಲೆಗಳು ಹೇಳುವುದಿಲ್ಲ. ಇನ್ನೊಂದು ಹೇಳಲಿಲ್ಲ, ಕೇಳಿ. ದೊಡ್ಡ ಹೈಪರ್ಸ್ತೀನ್ ಹರಳುಗಳಲ್ಲಿ ಎರಡರ ಒಳಗೆ ತೆಳು ಪಟ್ಟಿಗಳಿವೆ. ನಡುಭಾಗದಲ್ಲಿ ಮಾತ್ರ, ಅಂಚಿನಲ್ಲಿ ಇಲ್ಲ. ಪಿಜಿಯೊನೈಟ್ ಮಾದರಿಯದ್ದೇ ಅಂತ ಮೈಕ್ರೋಸ್ಕೋಪಿನಲ್ಲಿ ಖಚಿತವಾಗಿ ಹೇಳಲಾರೆ. ಪ್ರೋಬ್‌ಗೆ ಹೆಸರು ಬರೆಸಿದ್ದೇನೆ. ನಡುಭಾಗದ ಅಲ್ಯೂಮಿನಿಯಂ, ಪಟ್ಟಿಗಳ ಕ್ಯಾಲ್ಸಿಯಂ ಎರಡೂ ಅಳೆಯಬೇಕು.

ಕಲ್ಲು_ಮೇಷ್ಟ್ರು
ಪಟ್ಟಿ ನಡುವೆ ಮಾತ್ರ ಇದೆಯಾ? ಫೋಟೋ ಕಳಿಸಿ ತಾಯಿ. ನಾನು ಇಷ್ಟು ವರ್ಷ ಕೊಡಗಿನ ಕಲ್ಲು ನೋಡಿದ್ದು ಹೆಚ್ಚಾಗಿ ರಸ್ತೆ ಬದಿಯಲ್ಲಿ, ಕೊಳೆತ ಮುಖದಲ್ಲಿ. ನಾಪೋಕ್ಲು ಸರ್, ಆ ಬಂಡೆಯ ತಾಜಾ ಮುಖ ನನಗೂ ನೋಡಬೇಕು. ಬಂಡೆಯೊಳಗೆ ಬೇರೆ ಕಲ್ಲಿನ ಉಂಡೆ ಇದೆಯಾ ಅಂತ ಹುಡುಕಬೇಕು. ಇದ್ದರೆ, ರಸವಾಗಿದ್ದಾಗ ನುಂಗಿದ್ದು ಅಂತ ನಾನೇ ಮೊದಲು ಒಪ್ಪುತ್ತೇನೆ.

ನಾಪೋಕ್ಲು_ತೋಟ
ಭಾನುವಾರ ಬನ್ನಿ ಮೇಷ್ಟ್ರೇ, ಊಟಕ್ಕೆ ನಮ್ಮಲ್ಲೇ. ಕಾಫಿ ಕುಯ್ಲು ನಡೆಯುತ್ತಿದೆ, ಜೀಪು ಹೊಂಡದ ತನಕ ಬರುತ್ತದೆ. ನಿನ್ನೆ ಪೈಪ್ ಹಾಕಿ ಬಂಡೆ ಪೂರ್ತಿ ತೊಳೆದೆ. ಉತ್ತರದ ಬದಿಯಲ್ಲಿ, ಕೆಳಗೆ, ಎರಡು ಗೇಣು ಉದ್ದದ ಬೂದು ಉಂಡೆ ಒಂದು ಕಾಣುತ್ತಿದೆ. ಅಂಚು ದುಂಡಗಿದೆ. ಕೈ ಹಚ್ಚಿಲ್ಲ, ನೀವೇ ನೋಡಿ.

ಪೊನ್ನಂಪೇಟೆ_ಎಂಎಸ್ಸಿ
ನಾನೂ ಬರುತ್ತೇನೆ. ಸುತ್ತಿಗೆ, ಲೆನ್ಸ್ ನನ್ನದು.